ಬಯೋಸ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋಯ್ತಾ? ಬೋರ್ಡ್ ಬಿಸಾಡಬೇಡಿ

ಹೋದ ಆಷಾಢದಲ್ಲಿ ಸಕಲೇಶಪುರದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ತನ್ನ ಕಂಪ್ಯೂಟರಿಗೆ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಅಪ್‌ಡೇಟ್ ಹಾಕಿದ್ದನಂತೆ, ಅರ್ಧ ದಾಟುವಷ್ಟರಲ್ಲಿ ಕರೆಂಟ್ ಹೋಯಿತಂತೆ. ಮತ್ತೆ ಬಂದ ಮೇಲೆ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ. ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ "ಬೋರ್ಡ್ ಹೋಗಿದೆ, ಹೊಸದು ಹಾಕಿಸಿ" ಅಂದರಂತೆ. ದುಡ್ಡು ಕೊಡಬೇಡ, ಭಾನುವಾರ ಇಲ್ಲಿಗೆ ತಗೊಂಡು ಬಾ ಅಂದೆ. ಬೋರ್ಡನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ ಹತ್ತಿ ಹಾಸನಕ್ಕೆ ಬಂದ. ಸಂಜೆಯ ಕಾಫಿ ಹೊತ್ತಿಗೆ ಅದೇ ಬೋರ್ಡಿನಲ್ಲಿ ವಿಂಡೋಸ್ ತೆರೆದಿತ್ತು. ಆವತ್ತು ಮಾಡಿದ್ದನ್ನೂ, ಅದಕ್ಕೂ ಮುಂಚೆ ನೋಡಬೇಕಾದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೋರ್ಡಿಗೆ ಏನಾಗಿದೆ ಅಂತ ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಕಂಪ್ಯೂಟರಿನ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಮೇಲೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇದೆ, ಕಡಲೆಬೇಳೆಯಷ್ಟು ಅಗಲ. ಬಯೋಸ್ ಇರುವುದು ಅದರೊಳಗೆ. ಈಗಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 16 ಎಂಬಿ, ಇಲ್ಲವೇ 32 ಎಂಬಿ. ಅಪ್‌ಡೇಟ್ ಅಂದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು. ನಡುವೆ ಕರೆಂಟ್ ಹೋದರೆ ಅರ್ಧ ಬರೆದು ನಿಲ್ಲುತ್ತದೆ, ಪ್ರೊಸೆಸರ್ ಎದ್ದ ಕೂಡಲೇ ಓದಬೇಕಾದ್ದೇ ಅಲ್ಲಿರುವುದಿಲ್ಲ. ಪ್ರೊಸೆಸರ್, ರ‍್ಯಾಮ್, ಬೋರ್ಡಿನ ಉಳಿದ ಭಾಗಗಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಆ ಚಿಪ್ಪಿಗೆ ಮತ್ತೆ ಬರೆದರೆ ಆಯಿತು.

ಇನ್ನೊಂದು ವಿಷಯ. ಎಷ್ಟೋ ಸಲ ಅಪ್‌ಡೇಟ್ ಸರಿಯಾಗಿಯೇ ಮುಗಿದಿರುತ್ತದೆ, ನಾವೇ ಕೆಡಿಸಿಬಿಡುತ್ತೇವೆ. ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಹಾಕುವ ಬೋರ್ಡ್‌ಗಳಲ್ಲಿ ಬಯೋಸ್ ಬದಲಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ರ‍್ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಗಿರುತ್ತದೆ, ತಾನಾಗೇ ಒಂದೆರಡು ಸಲ ಆಫ್ ಆಗಿ ಆನ್ ಆಗಲೂಬಹುದು. ಪವರ್ ಬಟನ್ ಮುಟ್ಟಬೇಡಿ. ಹದಿನೈದು ನಿಮಿಷ ಸುಮ್ನೆ ಬಿಟ್ಟು ಬನ್ನಿ.

ಸ್ಕ್ರೀನ್ ಬರುತ್ತದೆ, ಬಯೋಸ್ ಒಳಗೂ ಹೋಗಬಹುದು, ವಿಂಡೋಸ್ ಮಾತ್ರ ತೆರೆಯುವುದಿಲ್ಲ ಅನ್ನುವವರಿಗೆ ಚಿಪ್ ತಂಟೆಯೇ ಬೇಡ. ಅಪ್‌ಡೇಟ್ ಆದಾಗ ಹಳೆಯ ಸೆಟ್ಟಿಂಗ್ ಎಲ್ಲ ಹೋಗಿ ಕಂಪನಿಯ ಸೆಟ್ಟಿಂಗ್ ಬಂದಿರುತ್ತದೆ. ನೀಲಿ ಸ್ಕ್ರೀನಿನಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬಂದರೆ ಮೊದಲು ಬಯೋಸ್ ಒಳಗೆ ಡಿಸ್ಕ್ ಮೋಡ್ (ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ರೀತಿ) ನೋಡಿ. ಎಎಚ್‌ಸಿಐ ಇದ್ದದ್ದು ರೈಡ್ ಆಗಿರಬಹುದು, ಅಥವಾ ಇಂಟೆಲ್‌ನ 11ನೇ ತಲೆಮಾರಿನ ನಂತರದವಾದರೆ ವಿಎಂಡಿ ಅನ್ನುವ ಡಿಸ್ಕ್ ಸೆಟ್ಟಿಂಗ್ ಬದಲಾಗಿರಬಹುದು. ಮೊದಲಿದ್ದ ಹಾಗೆ ಇಟ್ಟರೆ ಸಾಕು. ಬೂಟ್ ಡಿಸ್ಕೇ ಇಲ್ಲ ಅಂದರೆ ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಸೆಟ್ಟಿಂಗ್ ನೋಡಿ, ಹಳೆಯ ರೀತಿಯಲ್ಲಿ ಹಾಕಿದ ವಿಂಡೋಸ್‌ಗೆ ಅದು ಆನ್ ಇರಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತನ್ನ ಕೀ ಕೇಳಿದರೆ 48 ಅಂಕಿಯ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುವ ಸಾಧ್ಯತೆ ಜಾಸ್ತಿ, ಫೋನಿನಿಂದ ಲಾಗಿನ್ ಆಗಿ ತೆಗೆದುಕೊಳ್ಳಿ. ದಯವಿಟ್ಟು ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಯಬೇಡಿ. ಮಕ್ಕಳ ಫೋಟೋ, ತೋಟದ ಲೆಕ್ಕ ಎಲ್ಲ ಹೋಗುತ್ತವೆ, ಆಮೇಲೆ ವಾಪಸ್ ತರುವುದು ಬಹಳ ಕಷ್ಟ.

ಡಿಸ್‌ಪ್ಲೇ ಇಲ್ಲವೇ ಇಲ್ಲ ಅಂದರೆ ಹೀಗೆ ಮಾಡಿ. ಎಸ್‌ಎಂಪಿಎಸ್ (ಬೋರ್ಡಿಗೆ ಕರೆಂಟ್ ಕೊಡುವ ಡಬ್ಬಿ) ಸ್ವಿಚ್ ಆಫ್ ಮಾಡಿ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಿಆರ್2032 ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಹಳೆಯ ಬೋರ್ಡ್ ಆದರೆ ಸೆಲ್ಲನ್ನೇ ಬದಲಿಸಿ, 3 ವೋಲ್ಟ್ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆಮೇಲೆ ಒಂದೇ ಒಂದು ರ‍್ಯಾಮ್ ಹಾಕಿ, ಹೆಚ್ಚುವರಿ ಹಾರ್ಡ್‌ಡಿಸ್ಕ್, ಯುಎಸ್‌ಬಿ ಎಲ್ಲ ಬಿಚ್ಚಿ ಆನ್ ಮಾಡಿ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡ್ರಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ಲೈಟ್ ಇದ್ದರೆ ಯಾವುದರ ಹತ್ತಿರ ನಿಲ್ಲುತ್ತದೆ ನೋಡಿ. ಡ್ರಾಮ್ ಹತ್ತಿರ ನಿಂತರೆ ಬಯೋಸ್ ಸ್ವಲ್ಪವಾದರೂ ಓಡುತ್ತಿದೆ ಅಂತ ಅರ್ಥ, ರ‍್ಯಾಮ್ ಜಾಗ ಬದಲಿಸಿ ನೋಡಿ. ಯಾವ ಲೈಟೂ ಮುಂದಕ್ಕೆ ಹೋಗದೆ, ಬೀಪ್ ಕೂಡ ಇಲ್ಲದಿದ್ದರೆ ಬಯೋಸ್ ಮೇಲೆಯೇ ಅನುಮಾನ ಪಡಬೇಕು.

ಲ್ಯಾಪ್‌ಟಾಪ್‌ನವರು ಚಾರ್ಜರ್ ಹಾಕಿಯೇ ಪ್ರಯತ್ನಿಸಿ. ಎಚ್‌ಪಿ ಆದರೆ ಆಫ್ ಮಾಡಿ, ವಿಂಡೋಸ್ ಕೀ ಮತ್ತು ಬಿ ಎರಡನ್ನೂ ಒತ್ತಿಕೊಂಡೇ ಪವರ್ ಬಟನ್ ಎರಡು ಮೂರು ಸೆಕೆಂಡ್ ಹಿಡಿದು ಬಿಡಿ, ಕೀಗಳನ್ನು ಮಾತ್ರ ಬಿಡಬೇಡಿ. ಡೆಲ್ ಆದರೆ ಚಾರ್ಜರ್ ತೆಗೆದು, ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿಕೊಂಡು ಚಾರ್ಜರ್ ಚುಚ್ಚಿ. ಎಷ್ಟೋ ಮಾಡೆಲ್‌ಗಳಲ್ಲಿ ಬಯೋಸ್ ರಿಕವರಿ ಸ್ಕ್ರೀನ್ ಇಷ್ಟಕ್ಕೇ ಬರುತ್ತದೆ.

ಡೆಸ್ಕ್‌ಟಾಪ್‌ನವರು ಬೋರ್ಡಿನ ಹಿಂಭಾಗ ನೋಡಿ. ಆಸುಸ್‌ನಲ್ಲಿ ಬಯೋಸ್ ಫ್ಲಾಶ್‌ಬ್ಯಾಕ್, ಎಂಎಸ್‌ಐನಲ್ಲಿ ಫ್ಲಾಶ್ ಬಯೋಸ್ ಬಟನ್, ಗಿಗಾಬೈಟ್‌ನಲ್ಲಿ ಕ್ಯೂ ಫ್ಲಾಶ್ ಪ್ಲಸ್ ಅಂತ ಒಂದು ಬಟನ್ ಇದ್ದರೆ ನಿಮ್ಮ ಅದೃಷ್ಟ. ಪ್ರೊಸೆಸರ್ ಇಲ್ಲದೆಯೂ ಇದು ಕೆಲಸ ಮಾಡುತ್ತದೆ, ಪವರ್ ಕನೆಕ್ಟರ್‌ಗಳು ಚುಚ್ಚಿರಬೇಕು ಅಷ್ಟೇ. ಒಂದು ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲ್ ಒಂದನ್ನೇ ಹಾಕಿ, ಹೆಸರನ್ನು ಕಂಪನಿ ಹೇಳಿದ ಹಾಗೇ ಬದಲಿಸಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬೋರ್ಡ್ ಓದುವುದಿಲ್ಲ. ಗುರುತು ಹಾಕಿದ ಪೋರ್ಟಿಗೇ ಚುಚ್ಚಬೇಕು. ಆಸುಸ್‌ನಲ್ಲಿ ಬಟನ್ ಮೂರು ಸೆಕೆಂಡ್ ಒತ್ತಿದರೆ ಲೈಟ್ ಮಿಣುಕತೊಡಗುತ್ತದೆ, ಅದು ಪೂರ್ತಿ ಆರಿದರೆ ಕೆಲಸ ಮುಗಿದಂತೆ. ಸ್ವಲ್ಪ ಮಿಣುಕಿ ಆಮೇಲೆ ಹಾಗೇ ಉರಿಯುತ್ತಾ ನಿಂತರೆ ಫೈಲ್ ಅಥವಾ ಪೆನ್‌ಡ್ರೈವ್ ಸರಿಯಿಲ್ಲ. ಬೋರ್ಡಿನ ಮೂಲೆಯಲ್ಲಿ ರೆವ್ 1.0, 1.1 ಅಂತ ಅಚ್ಚು ಹಾಕಿದ್ದರೆ ಡೌನ್‌ಲೋಡ್ ಮಾಡುವಾಗ ಅದನ್ನೂ ನೋಡಿ. ಮಾಡೆಲ್ ಒಂದೇ ಇದ್ದರೂ ಬಯೋಸ್ ಬೇರೆ ಇರಬಹುದು.

ನಮ್ಮ ತಮ್ಮನ ಬೋರ್ಡಿನಲ್ಲಿ ಆ ಬಟನ್ ಇರಲಿಲ್ಲ. ಹಾಗಾಗಿ ಚಿಪ್ಪಿಗೆ ನೇರವಾಗಿ ಬರೆಯುವ ಪ್ರೋಗ್ರಾಮರ್ ಅನ್ನುವ ಸಾಧನ ಹಿಡಿಯಬೇಕಾಯಿತು. ಸಿಎಚ್341ಎ ಅನ್ನುವ ಯುಎಸ್‌ಬಿ ಸಾಧನ, ಜೊತೆಗೆ ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸುವ ಕ್ಲಿಪ್, ಎರಡೂ ಸೇರಿ ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಪ್ಪು ಬಣ್ಣದ ಸಾಮಾನ್ಯ ಮಾದರಿಯಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಹೋಗುವ ದೋಷ ಇದೆ. ಚಿಪ್ಪಿಗೆ ಬೇಕಾದ್ದು 3.3. ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಮಾದರಿಯನ್ನೇ ತಗೊಳ್ಳಿ.

ಚಿಪ್ ಮೇಲಿನ ಅಕ್ಷರಗಳನ್ನು ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಓದಿ. ವಿನ್‌ಬಾಂಡ್ 25ಕ್ಯೂ128 ಅಂತಿದ್ದರೆ 128 ಮೆಗಾಬಿಟ್, ಅಂದರೆ 16 ಎಂಬಿ. ಅದರ ಮುಂದೆ ಎಫ್‌ವಿ ಅಥವಾ ಜೆವಿ ಇದ್ದರೆ 3.3 ವೋಲ್ಟ್. ಎಫ್‌ಡಬ್ಲ್ಯೂ, ಜೆಡಬ್ಲ್ಯೂ ಇದ್ದರೆ 1.8 ವೋಲ್ಟ್, ಅದಕ್ಕೆ 3.3 ಕೊಟ್ಟರೆ ಚಿಪ್ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ವೈರ್, ಸೆಲ್ ಎರಡನ್ನೂ ತೆಗೆದು, ಕ್ಯಾಬಿನೆಟ್‌ನ ಲೋಹ ಒಮ್ಮೆ ಮುಟ್ಟಿ, ಆಮೇಲೆ ಕ್ಲಿಪ್ ಕಚ್ಚಿಸಿ. ಚಿಪ್ ಮೇಲೆ ಚುಕ್ಕಿ ಇರುವ ಮೂಲೆಯೇ ಒಂದನೇ ಕಾಲು, ಕ್ಲಿಪ್‌ನ ಕೆಂಪು ವೈರ್ ಅಲ್ಲಿಗೆ ಬರಬೇಕು.

ನಮ್ಮದು ಮೊದಲ ಸಲ ಚಿಪ್ ಗುರುತಿಸಲಿಲ್ಲ. ಮಳೆಗಾಲದ ತೇವಕ್ಕೆ ಕಾಲುಗಳ ಮೇಲೆ ಮಬ್ಬು ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿಸಿ ಮತ್ತೆ ಕಚ್ಚಿಸಿದಾಗ ಸಿಕ್ಕಿತು.

ಈಗ ಬರೆಯುವ ಆತುರ ಬೇಡ. ಮೊದಲು ಚಿಪ್‌ನಲ್ಲಿರುವುದನ್ನು ಓದಿ ಸೇವ್ ಮಾಡಿ. ಇನ್ನೊಮ್ಮೆ ಓದಿ. ಎರಡೂ ಫೈಲ್ ಒಂದೇ ಥರ ಇದ್ದರೆ ಮಾತ್ರ ಕ್ಲಿಪ್ ಸರಿಯಾಗಿ ಕೂತಿದೆ ಅಂತ ನಂಬಿ. ಅರ್ಧ ಹಾಳಾದ ಆ ಫೈಲನ್ನೂ ಕಾಪಾಡಿ. ಸೀರಿಯಲ್ ನಂಬರ್, ಎಷ್ಟೋ ಬೋರ್ಡಿನಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಕೂಡ ಅದರಲ್ಲೇ ಇರುತ್ತವೆ. ಬರೆಯಬೇಕಾದ ಫೈಲಿನ ಅಳತೆ ಚಿಪ್ಪಿನ ಅಳತೆಗೆ ಸರಿಯಾಗಿರಬೇಕು, 16 ಎಂಬಿ ಆದರೆ 1,67,77,216 ಬೈಟ್. ಆಸುಸ್‌ನ ಕ್ಯಾಪ್ (.CAP) ಫೈಲ್ ಸ್ವಲ್ಪ ದೊಡ್ಡದಿರುತ್ತದೆ, ಮುಂದೆ ಸೇರಿರುವ ಭಾಗವನ್ನು ಯುಇಎಫ್‌ಐಟೂಲ್ ಅನ್ನುವ ಸಾಫ್ಟ್‌ವೇರ್ ಬಳಸಿ ಬೇರೆ ಮಾಡಿ. ಲ್ಯಾಪ್‌ಟಾಪ್‌ನ ಫೈಲ್ ಎಷ್ಟೋ ಸಲ ಪೂರ್ತಿ ಇರುವುದಿಲ್ಲ, ಅದನ್ನು ನೇರವಾಗಿ ಬರೆಯಲು ಹೋಗದೆ ಚಿಪ್ ಲೆವೆಲ್ ಸರ್ವೀಸ್ ಮಾಡುವವರಿಗೆ ಕೊಡಿ. ಕೊಡುವಾಗ "ರಿಪೇರಿ ಮಾಡಿ" ಅನ್ನದೆ "ಬಯೋಸ್ ಪ್ರೋಗ್ರಾಂ ಮಾಡಿಕೊಡಿ, ಹಳೇ ಡೇಟಾ ಉಳಿಸಿ" ಅಂತಲೇ ಹೇಳಿ. ಕ್ಲಿಪ್ ಹಿಡಿಯದಿದ್ದರೂ ಅವರ ಹತ್ತಿರವೇ ಹೋಗಿ, ಅವರು ಚಿಪ್ ಬಿಚ್ಚಿ ಬರೆಯುತ್ತಾರೆ.

ಅಳಿಸುವುದು, ಖಾಲಿ ಆಯಿತಾ ನೋಡುವುದು, ಬರೆಯುವುದು, ವೆರಿಫೈ ಮಾಡುವುದು (ಬರೆದದ್ದು ಸರಿಯಿದೆಯಾ ನೋಡುವುದು). ಇದೇ ಕ್ರಮ. ಏಸ್‌ಪ್ರೋಗ್ರಾಮರ್, ಫ್ಲಾಶ್‌ರಾಮ್ ಅನ್ನುವ ಸಾಫ್ಟ್‌ವೇರ್‌ಗಳು ಎರಡರಲ್ಲೂ ಇದಾಗುತ್ತದೆ. ವೆರಿಫೈ ಸರಿ ಅಂತ ಬಂದ ಮೇಲೆ ಕ್ಲಿಪ್ ತೆಗೆದು, ಸೆಲ್ ಹಾಕಿ ಆನ್ ಮಾಡಿ, ಮೊದಲು ಹೇಳಿದ ಹಾಗೆ ಕಾಯಿರಿ. ನಮಗೆ ಮೂರನೇ ನಿಮಿಷಕ್ಕೆ ಕಂಪನಿಯ ಲೋಗೋ ಬಂತು. ತಮ್ಮ ಎದ್ದು ನಿಂತುಬಿಟ್ಟ.

ಮುಂದಿನ ಸಲ ಅಪ್‌ಡೇಟ್ ಹಾಕುವ ಮುಂಚೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಬಯೋಸ್ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿಗೆ ಕೈ ಹಾಕಬೇಡಿ. ಇರುವ ಯುಪಿಎಸ್‌ನ ಬ್ಯಾಟರಿ ನಿಲ್ಲುತ್ತದಾ ಅಂತ ಹಿಂದಿನ ದಿನವೇ ಪ್ಲಗ್ ಕಿತ್ತು ಹತ್ತು ನಿಮಿಷ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆ ಬಿಟ್ಟ ದಿನವನ್ನೇ ಆರಿಸಿಕೊಳ್ಳಿ.