ಬೀದಿ ಬೆಕ್ಕಿನ ಮರಿಗಳಿಗೆ ಖರ್ಚಿಲ್ಲದ ಬೆಚ್ಚನೆ ಗೂಡು

ಚಳಿ ಶುರುವಾಗಿದೆ. ಮರಿಗಳಿಗೆ ಗೂಡು ಕೊಳ್ಳುವ ಮೊದಲು ಮೀನಿನಂಗಡಿಯಲ್ಲೋ ಔಷಧಿ ಅಂಗಡಿಯಲ್ಲೋ ಖಾಲಿ ಥರ್ಮೋಕೋಲ್ ಡಬ್ಬ ಕೇಳಿ ನೋಡಿ. ಹೇಗೂ ಎಸೆಯುವುದೇ ಅಲ್ವಾ?

ಡಬ್ಬ ಚಿಕ್ಕದೇ ಇರಲಿ. ದೊಡ್ಡದಾದರೆ ಮರಿಗಳ ಮೈಬಿಸಿ ಸಾಲುವುದಿಲ್ಲ. ತಾಯಿ ನುಸುಳುವಷ್ಟು, ಅಂದರೆ ಸುಮಾರು 15 ಸೆಂ.ಮೀ. ಅಗಲದ ಒಂದೇ ತೂತು ಸಾಕು. ಅದು ತಳದಿಂದ ನಾಲ್ಕು ಬೆರಳು ಮೇಲಿರಲಿ, ನೀರು ಒಳಗೆ ನುಗ್ಗುವುದಿಲ್ಲ. ಮುಚ್ಚಳಕ್ಕೆ ಟೇಪ್ ಸುತ್ತಿ, ಅಡಿಗೆ ಎರಡು ಇಟ್ಟಿಗೆ ಕೊಡಿ. ಬಾಯಿ ಗೋಡೆ ಕಡೆ ತಿರುಗಿರಲಿ.

ಒಳಗೆ ಕಂಬಳಿ ಮಾತ್ರ ಬೇಡ. ನಾನು ಮೊದಲ ಸಲ ಹಳೆ ಕಂಬಳಿಯನ್ನೇ ಹಾಸಿದ್ದೆ. ಬೆಳಗ್ಗೆ ಮುಟ್ಟಿದರೆ ನೆಲ ಒರೆಸುವ ಬಟ್ಟೆಯ ಹಾಗೆ ತಣ್ಣಗೆ, ಒದ್ದೆ. ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿದ್ದವು. ಭತ್ತದ ಒಣಹುಲ್ಲು ಕಂಬಳಿಯಷ್ಟು ತೇವ ಹಿಡಿದಿಡುವುದಿಲ್ಲ, ಅದನ್ನೇ ತುಂಬಿ. ಸಿಗದಿದ್ದರೆ ಹರಿದ ಪೇಪರ್ ನಡೆಯುತ್ತದೆ, ಒದ್ದೆಯಾದ ಕೂಡಲೇ ಬದಲಿಸಬೇಕು ಅಷ್ಟೇ.

ತುಂಬಾ ಎಳೆ ಮರಿಗಳಾದರೆ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ತೂರಿಸಿ ಒಂದು ಪಕ್ಕದಲ್ಲಿಡಿ. ಸೆಕೆಯಾದರೆ ದೂರ ಸರಿಯಲು ಜಾಗ ಬಿಡಿ. ಬಾಟಲಿ ತಣ್ಣಗಾದರೆ ತೆಗೆದುಬಿಡಿ, ಇಲ್ಲದಿದ್ದರೆ ಅದೇ ಮೈಬಿಸಿ ಎಳೆಯುತ್ತದೆ.

ಮರಿ ತಣ್ಣಗೆ ಕೊರೆಯುತ್ತಿದ್ದರೆ ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಆಹಾರ. ಹಸುವಿನ ಹಾಲು ಬೇಡ, ಭೇದಿ ಆಗುತ್ತದೆ. ಮತ್ತೆ, ಮರಿ ಕಂಡ ತಕ್ಷಣ ಎತ್ತಿಕೊಂಡು ಬರಬೇಡಿ. ತಾಯಿ ಸುಮ್ನೆ ಊಟ ಹುಡುಕಿಕೊಂಡು ಹೋಗಿರಬಹುದು. ಸ್ವಲ್ಪ ಹೊತ್ತು ದೂರದಿಂದಲೇ ಕಾದು ನೋಡಿ.