ಸೆಕೆಗೆ ಜಾರುವ ಸೆಟ್: ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವುದು ಹೇಗೆ?

ಏಪ್ರಿಲ್ ಮಧ್ಯಾಹ್ನ ಕಾರವಾರದ ಬೀಚಿನಲ್ಲಿ ಗಾಳಿಮರದ ಬುಡಕ್ಕೆ ಕೂತು, ನಾನೇ ಕಟ್ಟಿದ ಅಂಗೈಯಗಲದ ಹ್ಯಾಮ್ (ಹವ್ಯಾಸಿ) ರೇಡಿಯೊ ಸೆಟ್ಟಿನಲ್ಲಿ ಶಿರಸಿಯ ಗೆಳೆಯನ ಜೊತೆ ಮಾತಾಡುತ್ತಿದ್ದೆ. ನೆರಳು ಸರಿಯಿತು, ಸೆಟ್ಟಿನ ಮೇಲೆ ಬಿಸಿಲು ಬಿತ್ತು. ಹತ್ತು ನಿಮಿಷ ಕಳೆದಿರಬೇಕು. ಅತ್ತಲಿಂದ ಗೆಳೆಯ, ‘ಎಂತಾತೋ ಮಾರಾಯ, ನಿನ್ನ ದನಿ ಒಂದು ನಮೂನೆ ಆಗ್ತಾ ಇದ್ದು’ ಎಂದ. ಗಂಟಲಿಗೆ ಏನೂ ಆಗಿರಲಿಲ್ಲ. ಸೆಟ್ಟಿನೊಳಗಿನ ಕ್ರಿಸ್ಟಲ್ಲಿಗೆ ಸೆಕೆ ಹತ್ತಿತ್ತು.

ಸೆಟ್ಟಿನ ಫ್ರೀಕ್ವೆನ್ಸಿಗೆಲ್ಲ ಮೂಲ ಆ ಕ್ರಿಸ್ಟಲ್. ಸ್ಫಟಿಕದ ಸಣ್ಣ ಚೂರು ಅದು. ತಾಪಮಾನ ಬದಲಾದರೆ ಅದರ ಕಂಪನವೂ ಒಂಚೂರು ಬದಲಾಗುತ್ತದೆ. ಎಷ್ಟು ಬದಲಾಯಿತು ಅನ್ನುವುದನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಎಂದು ಹೇಳುತ್ತಾರೆ. 10 ಪಿಪಿಎಂ ಜಾರಿದರೆ 7.1 ಮೆಗಾಹರ್ಟ್ಜ್‌ನಲ್ಲಿ 71 ಹರ್ಟ್ಜ್ ಆಯಿತು.

ಮೊದಲು ಒಂದು ಮಾತು. ತಾಪಮಾನ ನೋಡಿ ಈ ಜಾರಾಟ ತಿದ್ದುವ ಉಪಚಾರ ಎಲ್ಲ ಸೆಟ್ಟಿಗೂ ಬೇಡ. ಬೋಟಿನವರ ವಿಎಚ್‌ಎಫ್ ಸೆಟ್ ತೆಗೆದುಕೊಳ್ಳಿ. ಚಾನೆಲ್ 16 ಇರುವುದು 156.8 ಮೆಗಾಹರ್ಟ್ಜ್‌ನಲ್ಲಿ. 2.5 ಪಿಪಿಎಂ ಜಾರಿದರೂ 392 ಹರ್ಟ್ಜ್ ಅಷ್ಟೆ. ಚಾನೆಲ್ಲುಗಳ ನಡುವಿನ ಅಂತರವೇ 25 ಕಿಲೋಹರ್ಟ್ಜ್, ಅದೂ ಎಫ್‌ಎಂ. ಯಾರ ಕಿವಿಗೂ ಗೊತ್ತಾಗುವುದಿಲ್ಲ. ಅಂಥ ಸೆಟ್ಟನ್ನು ಸುಮ್ನೆ ಬಿಚ್ಚಲು ಹೋಗಬೇಡಿ. ತೊಂದರೆ ಇರುವುದು ಹ್ಯಾಮ್‌ಗಳು ಮಾತಿಗೆ ಬಳಸುವ, ಜಾರಿದಷ್ಟೂ ದನಿಯ ಸ್ವರ ಬದಲಾಗುವ ಎಸ್‌ಎಸ್‌ಬಿಯಲ್ಲಿ, ಅದಕ್ಕಿಂತ ಜಾಸ್ತಿ ಡಬ್ಲ್ಯೂಎಸ್‌ಪಿಆರ್‌ನಂಥ ಪುಟ್ಟ ಸಂದೇಶವನ್ನು ಸ್ವರಗಳಾಗಿ ಕಳಿಸುವ ನಿಧಾನದ ಡಿಜಿಟಲ್ ವಿಧಾನಗಳಲ್ಲಿ. ಡಬ್ಲ್ಯೂಎಸ್‌ಪಿಆರ್‌ನಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ಅಂತರ 1.46 ಹರ್ಟ್ಜ್ ಮಾತ್ರ. ಒಂದು ಸಲ ಕಳಿಸಲು 110.6 ಸೆಕೆಂಡ್ ಬೇಕು. ಅಷ್ಟರಲ್ಲಿ ಸೆಟ್ ಬಿಸಿಯಾಗಿ 20 ಹರ್ಟ್ಜ್ ಜಾರಿತೋ, ಅತ್ತ ಯಾರಿಗೂ ಏನೂ ಸಿಗುವುದಿಲ್ಲ.

ನನ್ನ ಸೆಟ್ಟಿನಲ್ಲಿರುವುದು ಕ್ರಿಸ್ಟಲ್ಲಿನ ಕಂಪನದಿಂದ ಬೇಕಾದ ಫ್ರೀಕ್ವೆನ್ಸಿ ತೆಗೆಯುವ ಎಸ್‌ಐ5351 ಚಿಪ್, 25 ಮೆಗಾಹರ್ಟ್ಜ್ ಕ್ರಿಸ್ಟಲ್, ಒಂದು ಆರ್ಡುಯಿನೋ (ಕೋಡ್ ನಡೆಸುವ ಪುಟ್ಟ ಬೋರ್ಡ್). ಮನೆಯಲ್ಲಿ ಸೆಟ್ ಕಟ್ಟುವ ಹ್ಯಾಮ್‌ಗಳು ಜಾಸ್ತಿ ಬಳಸುವುದು ಇದನ್ನೇ. ಲೈಸೆನ್ಸ್ ಇಲ್ಲದೆ ಹ್ಯಾಮ್ ಬ್ಯಾಂಡಿನಲ್ಲಿ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ, ಅದು ನೆನಪಿರಲಿ.

ಮೊದಲ ಕೆಲಸ, ಬಿಸಿಯನ್ನು ದೂರ ಇಡುವುದು. ಇದನ್ನು ಬಿಟ್ಟು ನೇರವಾಗಿ ಕೋಡ್ ಬರೆಯಲು ಕೂರುವವರೇ ಹೆಚ್ಚು. ನಾನೂ ಹಾಗೇ ಮಾಡಿ ಒಂದು ವಾರ ಹಾಳು ಮಾಡಿಕೊಂಡೆ. ಪವರ್ ಟ್ರಾನ್ಸಿಸ್ಟರ್ ಮತ್ತು ವೋಲ್ಟೇಜ್ ರೆಗ್ಯುಲೇಟರ್ ಒಂದು ಮೂಲೆಯಲ್ಲಿರಲಿ, ಕ್ರಿಸ್ಟಲ್ ಇರುವ ಬೋರ್ಡ್ ಇನ್ನೊಂದು ಮೂಲೆಯಲ್ಲಿ. ಕ್ರಿಸ್ಟಲ್ ಮೇಲೆ ಥರ್ಮಾಕೋಲ್‌ನ ಸಣ್ಣ ಟೋಪಿ ಹಾಕಿ. ಬಿಸಿ ಒಳಗೆ ಹೋಗುವುದನ್ನು ಅದು ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ನಮಗೆ ಅಷ್ಟು ಸಾಕು. ಸೆಟ್ ಆನ್ ಮಾಡಿ ಹದಿನೈದು ನಿಮಿಷ ಬಿಟ್ಟು ಮಾತಾಡಿದರೆ ಅರ್ಧ ತಲೆನೋವು ಹೋದ ಹಾಗೆ.

ಆಮೇಲೆ ಥರ್ಮಾಮೀಟರ್. ಡಿಎಸ್18ಬಿ20 ಸೆನ್ಸರ್ ಚೆನ್ನಾಗಿ ಆಗುತ್ತದೆ. ಅದನ್ನು ಕ್ರಿಸ್ಟಲ್ಲಿನ ಲೋಹದ ಮುಚ್ಚಳಕ್ಕೆ ತಾಗಿಸಿ, ಥರ್ಮಲ್ ಪೇಸ್ಟ್ ಹಚ್ಚಿ, ಎರಡನ್ನೂ ಆ ಟೋಪಿಯ ಒಳಗೇ ಕೂರಿಸಿ. ಡಬ್ಬಿಯ ಗಾಳಿಯ ತಾಪಮಾನ ಅಳೆದು ಉಪಯೋಗವಿಲ್ಲ. ಗಾಳಿ ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಕ್ರಿಸ್ಟಲ್ ಬಿಸಿಯಾಗುತ್ತದೆ. ಈ ಸೆನ್ಸರ್ ಅರ್ಧ ಡಿಗ್ರಿ ಹೆಚ್ಚುಕಮ್ಮಿ ತೋರಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ. 0.0625 ಡಿಗ್ರಿ ಬದಲಾದರೂ ಅದಕ್ಕೆ ಗೊತ್ತಾಗುತ್ತದೆ. ತಪ್ಪಿದರೂ ಪ್ರತಿಸಲ ಒಂದೇ ಥರ ತಪ್ಪಿದರೆ ಸಾಕು, ಅಲ್ವಾ?

ಈಗ ಅಳತೆ, ಯಾವ ತಾಪಮಾನಕ್ಕೆ ಕ್ರಿಸ್ಟಲ್ ಎಷ್ಟು ಜಾರುತ್ತದೆ ಎಂದು. ನಂಬಿಕಸ್ಥ ಗಡಿಯಾರ ಒಂದು ಬೇಕು. ಅದು ಆಕಾಶದಲ್ಲೇ ಇದೆ. ಜಿಪಿಎಸ್ ಮಾಡ್ಯೂಲ್ ಸೆಕೆಂಡಿಗೆ ಸರಿಯಾಗಿ ಒಂದು ಪಲ್ಸ್ ಕೊಡುತ್ತದೆ. ಎಸ್‌ಐ5351ರಿಂದ 2.5 ಮೆಗಾಹರ್ಟ್ಜ್ ಹೊರಡಿಸಿ ಆರ್ಡುಯಿನೋದ ಡಿ5 ಪಿನ್ನಿಗೆ ಕೊಡಿ. ಜಿಪಿಎಸ್ಸಿನ 40 ಪಲ್ಸ್ ಮುಗಿಯುವವರೆಗೆ ಎಣಿಸಿ. ಕ್ರಿಸ್ಟಲ್ ಸರಿಯಾಗಿದ್ದರೆ ಎಣಿಕೆ ನೆಟ್ಟಗೆ 10 ಕೋಟಿ ಬರಬೇಕು. 200 ಜಾಸ್ತಿ ಬಂದರೆ 2 ಪಿಪಿಎಂ ಮೇಲಿದೆ ಎಂದರ್ಥ. ಆರ್ಡುಯಿನೋದ ಸ್ವಂತ ಕ್ರಿಸ್ಟಲ್ ಎಷ್ಟೇ ಸುಳ್ಳು ಹೇಳಲಿ, ಈ ಲೆಕ್ಕಕ್ಕೆ ಅದು ಬರುವುದೇ ಇಲ್ಲ.

ತಂಪು ಮಾಡಲು ನಾನು ತಂದದ್ದು ಮೀನು ಪೇಟೆಯ ಥರ್ಮಾಕೋಲ್ ಪೆಟ್ಟಿಗೆ. (ಸೆಟ್ಟಿಗೆ ಎರಡು ದಿನ ಬಂಗುಡೆ ವಾಸನೆ ಇತ್ತು.) ಒಳಗೆ ಐಸ್ ಆದ ನೀರಿನ ಬಾಟಲಿ ಇಟ್ಟು, ಸೆಟ್ಟನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕರಾವಳಿಯಲ್ಲಿ ಈ ಪೊಟ್ಟಣ ಮರೆತರೆ ಕೆಲಸ ಕೆಟ್ಟಿತು. ತಣ್ಣಗಾದ ಬೋರ್ಡಿನ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ. ಆಗ ನೀವು ಅಳೆಯುವುದು ತಾಪಮಾನದ ಜಾರಾಟವನ್ನಲ್ಲ, ನೀರಿನ ಕಿತಾಪತಿಯನ್ನು. ಜಿಪಿಎಸ್ ಆಂಟೆನಾ ಪೆಟ್ಟಿಗೆಯ ಹೊರಗೆ, ಆಕಾಶ ಕಾಣುವ ಕಡೆ ಇರಲಿ.

15 ಡಿಗ್ರಿಗೆ ಇಳಿದ ಮೇಲೆ ಬಾಟಲಿ ತೆಗೆದು ತಾನಾಗಿ ಬಿಸಿಯಾಗಲು ಬಿಡಿ. ಪ್ರತಿ ಎರಡು ಡಿಗ್ರಿಗೊಂದು ಎಣಿಕೆ ಬರೆದುಕೊಳ್ಳಿ. ಕೊನೆಗೆ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು 45ರವರೆಗೆ ಏರಿಸಿ. ಮತ್ತೆ ಇಳಿಯುವಾಗಲೂ ಬರೆಯಿರಿ. ಏರುವಾಗ ಬಂದ ಅಂಕಿ ಇಳಿಯುವಾಗ ಹಾಗೇ ಬರುವುದಿಲ್ಲ, ಎರಡರ ಸರಾಸರಿ ಹಿಡಿಯಿರಿ. ಅವಸರ ಮಾಡಿದರೆ ಈ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ನನಗೆ ಇದಕ್ಕೇ ಪೂರ್ತಿ ಒಂದು ಭಾನುವಾರ ಹಿಡಿಯಿತು. ಗೆಳೆಯನ ಪಟ್ಟಿ ಇದೆಯಲ್ಲ ಅಂತ ಅದನ್ನೇ ನಕಲು ಮಾಡಬೇಡಿ. ಕ್ರಿಸ್ಟಲ್ ಕತ್ತರಿಸಿದ ಕೋನದಲ್ಲಿ ಕೂದಲೆಳೆಯಷ್ಟು ಫರಕಿದ್ದರೂ ಅದರ ನಡವಳಿಕೆಯೇ ಬೇರೆ. ಒಂದೇ ಪೊಟ್ಟಣದ ಎರಡು ಕ್ರಿಸ್ಟಲ್ ಕೂಡ ಒಂದೇ ಥರ ಇರುವುದಿಲ್ಲ.

ಕೋಡ್ ಬರೆಯುವುದು ಇಷ್ಟರ ಮುಂದೆ ಸುಲಭ. ಯಾವ ತಾಪಮಾನಕ್ಕೆ ಎಷ್ಟು ಪಿಪಿಎಂ ಎಂಬ ಪಟ್ಟಿಯನ್ನು ಆರ್ಡುಯಿನೋದಲ್ಲಿ ಇಡಿ. ಈಗಿನ ತಾಪಮಾನ ಎರಡು ಸಾಲುಗಳ ನಡುವೆ ಬಿದ್ದರೆ ಅದೇ ಪ್ರಮಾಣದಲ್ಲಿ ನಡುವಿನ ಅಂಕಿ ತೆಗೆಯಿರಿ. 2 ಪಿಪಿಎಂ ಜಾಸ್ತಿ ಎಂದು ಬಂದರೆ, ಕ್ರಿಸ್ಟಲ್ 2,50,00,000 ಅಲ್ಲ, 2,50,00,050 ಹರ್ಟ್ಜ್ ಎಂದುಕೊಂಡು ಲೆಕ್ಕ ಹಾಕಲು ಚಿಪ್ಪಿಗೆ ಹೇಳಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಜಾರಾಟ ಎರಡು ಪಟ್ಟಾಗುತ್ತದೆ. ಡಬ್ಲ್ಯೂಎಸ್‌ಪಿಆರ್ ಕಳಿಸುವ ನಡುವೆ ದೊಡ್ಡ ತಿದ್ದುಪಡಿ ಮಾಡಬೇಡಿ, ಸ್ವರ ಹಾರಿಬಿಡುತ್ತದೆ. ಕಳಿಸುವ ಮುಂಚೆ ಒಮ್ಮೆ ತಿದ್ದಿ, ಮುಗಿದ ಮೇಲೆ ಇನ್ನೊಮ್ಮೆ.

ಇಷ್ಟೆಲ್ಲ ಬೇಡ ಅನಿಸಿದರೆ ಟಿಸಿಎಕ್ಸ್‌ಒ ಇರುವ ಬೋರ್ಡನ್ನೇ ಕೊಂಡುಬಿಡಿ. ಈ ತಿದ್ದುವ ಕೆಲಸವನ್ನು ಅದು ತನ್ನೊಳಗೇ ಮಾಡಿಕೊಳ್ಳುತ್ತದೆ. ದುಡ್ಡು ಜಾಸ್ತಿ, ಕಲಿಯುವುದು ಕಮ್ಮಿ.

ಡಿಸೆಂಬರಿನಲ್ಲಿ ಅದೇ ಸೆಟ್ ಹಿಡಿದು ದೇವಿಮನೆ ಘಟ್ಟ ಹತ್ತಿದೆ. ಕುಮಟಾದಲ್ಲಿ ಬೆವರುತ್ತಿದ್ದವನು ಶಿರಸಿ ಮುಟ್ಟುವ ಹೊತ್ತಿಗೆ ಸ್ವೆಟರ್ ಹುಡುಕುತ್ತಿದ್ದೆ. ಬೆಳಗಿನ ಚಳಿಯಲ್ಲಿ ಅಡಿಕೆ ಅಂಗಳದಿಂದ ಕರೆದಾಗ ಗೆಳೆಯ ದನಿಯ ಸುದ್ದಿ ಎತ್ತಲಿಲ್ಲ, ತಿಂಡಿ ಆಯಿತಾ ಎಂದು ಕೇಳಿದ.

ಕ್ರಿಸ್ಟಲ್ಲಿಗೂ ವಯಸ್ಸಾಗುತ್ತದೆ, ಮೊದಲ ವರ್ಷ ಜಾಸ್ತಿ. ವರ್ಷಕ್ಕೊಮ್ಮೆ 25 ಡಿಗ್ರಿಯಲ್ಲಿ ಒಂದೇ ಒಂದು ಎಣಿಕೆ ತೆಗೆಯಿರಿ. ಎಷ್ಟು ಫರಕು ಬಂತೋ ಅಷ್ಟನ್ನು ಪಟ್ಟಿಯ ಎಲ್ಲ ಸಾಲಿಗೂ ಕೂಡಿಸಿದರೆ ಆಯಿತು. ಮೀನಿನ ಪೆಟ್ಟಿಗೆಯನ್ನು ಮತ್ತೆ ತರಬೇಕಾಗಿಲ್ಲ.