ವಿಸಿಟಿಂಗ್ ಕಾರ್ಡ್ ಬದಲು ಮಳೆ ಲೆಕ್ಕದ ಕಾರ್ಡ್ ಕೊಟ್ಟೆ

ಗ್ರಾಫಿಕ್ ಡಿಸೈನ್ ಓದು ಮುಗಿಸಿ ಮಡಿಕೇರಿಗೆ ವಾಪಸ್ ಬಂದಾಗ ನನಗೆ ಯಾರ ಕೆಲಸ ಬೇಕು ಅನ್ನೋದು ಸ್ಪಷ್ಟವಾಗಿತ್ತು. ಸ್ವಂತ ತೋಟದ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ಪ್ಯಾಕ್ ಮಾಡಿ ಮಾರುವವರು, ಜೊತೆಗೆ ಹೋಂಸ್ಟೇ ನಡೆಸುವವರು. ಇವರ ಮನೆಗೆ ವಿಸಿಟಿಂಗ್ ಕಾರ್ಡ್ ಬೇಕಾದಷ್ಟು ಬರುತ್ತವೆ, ಬಂದಷ್ಟೂ ಡ್ರಾಯರ್ ಸೇರುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಕೆಲಸ ಹಾಕಿದರೆ ನೋಡುವವರು ಬೇರೆ ಡಿಸೈನರ್‌ಗಳೇ ಜಾಸ್ತಿ. ಅದಕ್ಕೇ ಕೈಯಲ್ಲೇ ಒಂದು ವಸ್ತು ಮಾಡಿ ಕೊಡೋಣ, ಅದು ಅವರ ಜಗಲಿಯ ಗೋಡೆ ಮೇಲೆ ವರ್ಷವಿಡೀ ಇರಲಿ ಅಂದುಕೊಂಡೆ.

ನಮ್ಮಲ್ಲಿ ತೋಟದವರು ಸಿಕ್ಕರೆ ಮೊದಲು ಬರೋದು ಮಳೆ ಮಾತು. "ನಿಮ್ಮ ಕಡೆ ಎಷ್ಟು ಸೆಂಟ್ ಆಯ್ತು?" ಒಂದು ಇಂಚಿಗೆ 100 ಸೆಂಟ್. ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ನೋಡಿ, ಡೈರಿಯಲ್ಲೋ ಹಳೇ ಕ್ಯಾಲೆಂಡರಿನ ಅಂಚಿನಲ್ಲೋ ಬರೆದಿಡುವ ಮನೆಗಳು ಎಷ್ಟೋ ಇವೆ. ದೊಡ್ಡ ತೋಟಗಳಲ್ಲಿ ಇದು ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಕೆಲಸ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನಗಳ ಮಳೆ ಎಷ್ಟು ಅಂತ ಈಗಲೂ ಡೈರಿ ತೆಗೆದು ತೋರಿಸುವವರಿದ್ದಾರೆ. ಇಷ್ಟು ಶ್ರದ್ಧೆಯಿಂದ ಬರೆಯುವ ಲೆಕ್ಕಕ್ಕೆ ಒಂದು ಒಳ್ಳೆಯ ಜಾಗ ಇರಲಿಲ್ಲ. ಅದನ್ನೇ ಮಾಡಿದೆ: ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ, ಕೆಳಗೆ ತಿಂಗಳ ಮೊತ್ತ, ಅದರ ಪಕ್ಕ 'ಈವರೆಗೆ'.

ಹಾಳೆಯ ಒಳಗೆ ಏನಿರಬೇಕು ಅನ್ನೋದಕ್ಕೇ ಹೆಚ್ಚು ಹೊತ್ತು ಕೊಟ್ಟೆ. ಜನವರಿ, ಫೆಬ್ರವರಿಯಲ್ಲಿ ಮಳೆಯ ಚೌಕಗಳು ಬಹುತೇಕ ಖಾಲಿ ಇರುತ್ತವೆ, ಆದರೆ ಆಗ ರೋಬಸ್ಟಾ ಕೊಯ್ಲು, ಹಾಗಾಗಿ ಅಲ್ಲಿ ಎಷ್ಟು ಚೀಲ ಆಯ್ತು ಅಂತ ಬರೆಯಲು ಗೆರೆ ಇಟ್ಟೆ. ಮಾರ್ಚ್, ಏಪ್ರಿಲ್ ಹಾಳೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಒಂದು ಗುರುತು, ಕಾಯಿ ಕಚ್ಚಲು ಆಮೇಲೆ ಬರಬೇಕಾದ ಬ್ಯಾಕಿಂಗ್ ಮಳೆಗೆ ಇನ್ನೊಂದು. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅದನ್ನು ಅಚ್ಚು ಹಾಕಬಹುದು. ಸುಗ್ಗಿ ಹಬ್ಬ ಹುತ್ತರಿ ಹಾಗಲ್ಲ. ಅದರ ದಿನ, ಕದಿರು ತೆಗೆಯುವ ಮುಹೂರ್ತ ಎಲ್ಲಾ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಆಯಾ ವರ್ಷ ನಿಗದಿಯಾಗುತ್ತದೆ. ಅದಕ್ಕೆ 'ಹುತ್ತರಿ: ____' ಅಂತ ಜಾಗ ಬಿಟ್ಟೆ. ತಲಕಾವೇರಿ ತೀರ್ಥೋದ್ಭವದ ಗಳಿಗೆಗೂ ಅಷ್ಟೇ. ಕಾರ್ಡ್ ನೋಡಿದವರು ಮೊದಲು ಬೆರಳಿಟ್ಟು ತೋರಿಸಿದ್ದು ಈ ಖಾಲಿ ಗೆರೆಗಳನ್ನೇ.

ಇನ್ನು ಕೈಕೆಲಸ. ಹನ್ನೆರಡೂ ಹಾಳೆ ಕೈಯಲ್ಲಿ ಅಚ್ಚು ಹಾಕುವ ಅಗತ್ಯವಿಲ್ಲ, ಗೆರೆಗಳನ್ನು ಪ್ರೆಸ್‌ನಲ್ಲೇ ಹಾಕಿಸಿದೆ. ಕಾಗದ ಮಾತ್ರ ನಾನೇ ಆರಿಸಿದೆ, 120 ಜಿಎಸ್‌ಎಂ ಮ್ಯಾಪ್ಲಿಥೋ, ಅಂದರೆ ಹೊಳಪಿಲ್ಲದ ಬರೆಯುವ ಕಾಗದ. ಹೊಳಪಿನ ಆರ್ಟ್ ಪೇಪರ್ ನೋಡಲು ಚೆಂದ, ಆದರೆ ಅದರ ಮೇಲೆ ಪೆನ್ಸಿಲ್ ಹಿಡಿಯಲ್ಲ, ಜುಲೈ ತಿಂಗಳ ಶೀತಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವೈರ್ ಬೈಂಡಿಂಗ್ ನಮ್ಮ ಮಳೆಗೆ ತುಕ್ಕು ಹಿಡಿಯುತ್ತೆ, ಮೈದಾ ಅಂಟಿಗೆ ಬೂಸ್ಟು ಬರುತ್ತೆ. ಹಾಗಾಗಿ ಹಳೇ ಕಾಫಿ ಚೀಲದ ಗೋಣಿಯನ್ನು ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ಕತ್ತರಿಸಿ, ಅದನ್ನು ಬೆನ್ನಿಗೆ ಕೊಟ್ಟು ದಪ್ಪ ಹತ್ತಿ ದಾರದಿಂದ ಹೊಲಿದೆ.

ಮುಖಪುಟ ಮಾತ್ರ ಪೂರ್ತಿ ಲಿನೋ ಅಚ್ಚು, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಒತ್ತುವ ಅಚ್ಚು. ಒಂದು ಕಾಫಿ ರೆಕ್ಕೆ (ಗಿಡದ ಅಡ್ಡ ಕೊಂಬೆ), ಎದುರುಬದುರು ಎಲೆ, ಗಿಣ್ಣಿನಲ್ಲಿ ಹೂಗೊಂಚಲು, ಕೆಳಗೆ 'ಮಳೆ ಲೆಕ್ಕ'. ಅಕ್ಷರ ತಿರುಗಿಸಿ ಕೆತ್ತಬೇಕಲ್ವಾ, ಅದಕ್ಕೆ ಟ್ರೇಸಿಂಗ್ ಪೇಪರಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆದು, ಲಿನೋ ಮೇಲೆ ಮಗುಚಿ ಹಾಕಿ ಉಜ್ಜಿದರೆ ತಾನೇ ತಿರುಗಿ ಬೀಳುತ್ತದೆ. ಲಿನೋವನ್ನು ಸ್ವಲ್ಪ ಬಿಸಿಲಿಗಿಟ್ಟರೆ ಮೆತ್ತಗಾಗಿ ಉಳಿ ಸಲೀಸಾಗಿ ಓಡುತ್ತೆ. ಕನ್ನಡದ ದುಂಡು ಅಕ್ಷರಗಳಿಗೆ ಲಿನೋ ತುಂಬಾ ಒಗ್ಗುತ್ತದೆ, ಮರದ ಹಾಗೆ ಎಳೆ ಇಲ್ಲ, ಯಾವ ಕಡೆ ಬೇಕಾದರೂ ತಿರುಗಿಸಬಹುದು. ಕಷ್ಟ ಇರೋದು 'ಕ್ಕ'ದ ಒತ್ತಿನಲ್ಲಿ. ಅದನ್ನು ಮಾಮೂಲಿಗಿಂತ ದೊಡ್ಡದಾಗಿ ಬರೆದುಕೊಂಡು, ಒಳಗಿನ ಜಾಗವನ್ನು ಅತಿ ಸಣ್ಣ ವಿ ಉಳಿಯಲ್ಲಿ, ಕೈ ಬದಲು ಲಿನೋವನ್ನೇ ತಿರುಗಿಸುತ್ತಾ ಕೆತ್ತಿದೆ. ಶಾಯಿ ಪ್ರೆಸ್‌ನವರು ಕೊಟ್ಟ ಆಫ್‌ಸೆಟ್ ಇಂಕ್. ತೆಳ್ಳಗೆ ರೋಲರ್ ಹೊಡೆದು, ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿದೆ. ಇದು ಎಣ್ಣೆ ಶಾಯಿ, ಒಣಗಲು ದಿನಗಟ್ಟಲೆ ಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ನವೆಂಬರಿನಲ್ಲಿ ಮಾಡಿದೆ.

ನನ್ನ ಹೆಸರು, ಫೋನ್ ನಂಬರ್ ಪ್ರತಿ ಹಾಳೆಯ ಕೆಳಗೆ ಒಂದೇ ಸಾಲು, ಸಣ್ಣಕ್ಷರ. ಲೋಗೋ ಹಾಕಲಿಲ್ಲ. ಕಾರ್ಡೇ ನನ್ನ ಕೆಲಸದ ಮಾದರಿ ಅನ್ನೋದು ನನ್ನ ನಂಬಿಕೆ.

ಅಂಚೆಯಲ್ಲಿ ಕಳಿಸದೆ ಮನೆಗಳಿಗೆ ನಾನೇ ಹೋದೆ. ನಾಪೋಕ್ಲು ಕಡೆಯ ಒಬ್ಬ ಅಂಕಲ್ ಮಾತಾಡದೆ ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಚೌಕದೊಳಗೆ 1.20 ಅಂತ ಬರೆದು ನೋಡಿದರು. "ಜಾಗ ಸಾಕಮ್ಮ" ಅಂದರು. ಆಮೇಲೆ ಮುಖಪುಟ ತಿರುಗಿಸಿ, "ಇದು ಅರೇಬಿಕಾ ಎಲೆ ಅಲ್ವಾ?" ಹೌದು ಅಂದೆ, ರೋಬಸ್ಟಾ ಎಲೆ ಇದಕ್ಕಿಂತ ದೊಡ್ಡದು. ಅಷ್ಟರಲ್ಲಿ ಒಳಗಿಂದ ಆಂಟಿ ಬಂದು ತಾವು ಮಾರುವ ಕಾಫಿ ಪುಡಿಯ ಪ್ಯಾಕೆಟ್ ತಂದಿಟ್ಟರು. ನನ್ನ ಮೊದಲ ಲೇಬಲ್ ಕೆಲಸ ಅದೇ.

ಲೇಬಲ್ ಕೆಲಸ ಬರುವ ಮೊದಲೇ ಅದರ ನಿಯಮ ಓದಿಕೊಂಡಿರಿ, ಇದನ್ನು ಒತ್ತಿ ಹೇಳುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ನಿವ್ವಳ ತೂಕ, ತಯಾರಿಸಿದ ದಿನಾಂಕ ಬೇಕೇ ಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು ಶೇಕಡಾ, ಚಿಕೋರಿ ಎಷ್ಟು ಅಂತ ಬರೆಯಬೇಕು, ಕಾಫಿ 51ಕ್ಕಿಂತ ಕಡಿಮೆ ಇರುವಂತಿಲ್ಲ. ನಾನು ಇದನ್ನೆಲ್ಲ ಕೇಳಿದಾಗಲೇ ಆಂಟಿಗೆ ಧೈರ್ಯ ಬಂದಿದ್ದು.

ಕಾರ್ಡ್ ಕೊಟ್ಟಿದ್ದ ಮನೆಗಳಿಗೆ ಜೂನ್ ಕೊನೆಗೆ ಮತ್ತೆ ಹೋದೆ, ಕೆಲಸ ಕೇಳಲಿಕ್ಕಲ್ಲ, ಕಾರ್ಡ್ ಹೇಗೆ ಬಳಕೆಯಾಗ್ತಿದೆ ನೋಡಲು. ಇಬ್ಬನಿ, ಎರಚಲು ತಾಗಿದ ಕಡೆ ಕೆಳಗಿನ ಮೂಲೆ ಸುರುಳಿಯಾಗಿತ್ತು, ಗೋಣಿಗೆ ಏನೂ ಆಗಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ: ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಅಂತ ಬರೆಯಲು ಪಕ್ಕದಲ್ಲಿ ಒಂದು ಕಾಲಂ. ಈ ಸಲದ ಹಾಳೆಗೆ ಅದನ್ನು ಸೇರಿಸಿದ್ದೇನೆ. ಮನೆಗೆ ಒಂದು ಕಾರ್ಡ್ ಈಗಲೂ ಉಚಿತ. ಹೋಂಸ್ಟೇಗೆ ಬರುವವರಿಗೆ ಮಾರಲು ಬೇಕು ಅಂದವರಿಂದ ದುಡ್ಡು ತಗೊಳ್ಳುತ್ತೇನೆ.